ಪರದೆ ಒಂದೇ, ಕಡತ ಬೇರೆ

ಇ-ರೀಡರ್‌ನ ಪರದೆಗೆ ವಿದ್ಯುತ್ ಬೇಕಾಗುವುದು ಪುಟ ತಿರುಗಿಸುವ ಕ್ಷಣದಲ್ಲಿ ಮಾತ್ರ. ಒಮ್ಮೆ ಮೂಡಿದ ಅಕ್ಷರ ಕರೆಂಟ್ ಇಲ್ಲದೆಯೂ ಹಾಗೇ ನಿಲ್ಲುತ್ತದೆ. ಫೋನಿಗೆ ದಿನವೂ ಚಾರ್ಜ್ ಬೇಕು, ಇದಕ್ಕೆ ವಾರಗಟ್ಟಲೆ ಬೇಡ ಎನ್ನುವುದರ ಗುಟ್ಟು ಇಲ್ಲಿದೆ.

ಈ ಕಪ್ಪು-ಬಿಳುಪು ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಅಸಂಖ್ಯ ಪಾರದರ್ಶಕ ಕಿರುಗೋಳಗಳಿವೆ. ಪ್ರತಿಯೊಂದರಲ್ಲೂ ತಿಳಿಯಾದ ದ್ರವ, ಅದರಲ್ಲಿ ಕಪ್ಪು ಮತ್ತು ಬಿಳಿ ಕಣಗಳು. ಒಂದು ಬಣ್ಣಕ್ಕೆ ಧನ ಆವೇಶವಿದ್ದರೆ ಇನ್ನೊಂದಕ್ಕೆ ಋಣ. ಕೆಳಗಿನ ವಿದ್ಯುದಗ್ರದ ಆವೇಶ ಬದಲಾದಾಗ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ತಳಕ್ಕಿಳಿಯುತ್ತದೆ. ಮುಂದಿನ ಆದೇಶ ಬರುವ ತನಕ ಕಣಗಳು ಕದಲುವುದಿಲ್ಲ. ಪರದೆ ಹಿಂದಿನಿಂದ ಬೆಳಕು ಚೆಲ್ಲುವುದಿಲ್ಲ, ಕಾಗದದ ಹಾಗೆ ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತದೆ. ಆದ್ದರಿಂದ ಸುಡುಬಿಸಿಲಲ್ಲೂ ಅಕ್ಷರ ನಿಚ್ಚಳ.

ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ತಂತ್ರವನ್ನು ಬೆಳೆಸಲು 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಲಿಬ್ರಿಯೆ ಎಂಬ ಇ-ರೀಡರನ್ನು ತಂದಿತು. 2007ರಲ್ಲಿ ಅಮೆಜಾನಿನ ಕಿಂಡಲ್ ಬಂತು, ಬಳಿಕ ಕೆನಡಾದ ಕೋಬೋ. ಕಿಂಡಲ್, ಕೋಬೋ ಎರಡರಲ್ಲೂ ಇರುವುದು ಇ-ಇಂಕ್ ಪರದೆಯೇ. ಹಾಗಾಗಿ ಕೊಳ್ಳುವವರು ಪರದೆಗಿಂತ ಹೆಚ್ಚಾಗಿ ನೋಡಬೇಕಾದ್ದು ಪುಸ್ತಕದ ಕಡತವನ್ನು.

1993ರಲ್ಲಿ ಬಂದ ಪಿಡಿಎಫ್ ಅಚ್ಚಿನ ಪುಟವನ್ನು ಇದ್ದಂತೆಯೇ ಕಾಪಾಡುತ್ತದೆ. ಗಣಿತ, ನಕ್ಷೆ, ಕೋಷ್ಟಕಗಳಿಗೆ ಅದೇ ಸರಿ. ಆದರೆ ಎ4 ಅಳತೆಯ ಪುಟ ಆರಿಂಚಿನ ಪರದೆಗೆ ಬಂದರೆ ಅಕ್ಷರ ಇರುವೆಗಾತ್ರವಾಗುತ್ತದೆ, ಹಿಗ್ಗಿಸಿದರೆ ಸಾಲು ಅಂಚಿನಾಚೆ ಹೋಗುತ್ತದೆ. 2007ರಲ್ಲಿ ಮಾನಕವಾದ ಇಪಬ್ ಈ ತೊಡಕನ್ನು ಬಿಡಿಸಿತು. ಅದು ವೆಬ್ ಪುಟಗಳನ್ನು ಒಟ್ಟಿಗೆ ಕಟ್ಟಿದ ಒಂದು ಜಿಪ್ ಕಡತ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಹೊಸದಾಗಿ ಜೋಡಣೆಯಾಗುತ್ತವೆ. ಕಣ್ಣು ಮಂಜಾದ ಹಿರಿಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಅಮೆಜಾನ್ ಬೇರೆ ದಾರಿ ಹಿಡಿಯಿತು. 2005ರಲ್ಲಿ ಫ್ರಾನ್ಸಿನ ಮೋಬಿಪಾಕೆಟ್ ಕಂಪನಿಯನ್ನು ಕೊಂಡು, ಅದರ ಮೋಬಿ ನಮೂನೆಯ ಮೇಲೆ ತನ್ನದೇ ಕಡತಗಳನ್ನು ಕಟ್ಟಿತು. ಒಂದು ಒತ್ತಿಗೆ ಪುಸ್ತಕ ಕೈಗೆ ಬರುವುದು ಕಿಂಡಲ್‌ನ ಅನುಕೂಲ. ಆದರೆ ಡಿಆರ್‌ಎಂ ಎಂಬ ಡಿಜಿಟಲ್ ಬೀಗವಿರುವ ಕಿಂಡಲ್ ಪುಸ್ತಕ ಕೋಬೋದಲ್ಲಿ ತೆರೆಯುವುದಿಲ್ಲ. ಇಪಬ್ ಕಡತವನ್ನು ಕಿಂಡಲ್‌ಗೆ ಕಳಿಸುವ ಸೌಲಭ್ಯ 2022ರಲ್ಲಿ ಬಂತು, ಆದರೂ ಕಡತ ಮೊದಲು ಅಮೆಜಾನಿನ ನಮೂನೆಗೆ ಬದಲಾಗಬೇಕು. ಕೋಬೋದಲ್ಲಿ ಕೇಬಲ್‌ನಿಂದ ನಕಲು ಮಾಡಿದರೆ ಸಾಕು, ಇಪಬ್ ನೇರವಾಗಿ ತೆರೆದುಕೊಳ್ಳುತ್ತದೆ. ನಮಗೆ ಬೇಕಾದ ಫಾಂಟನ್ನೂ ಅದರಲ್ಲಿ ಸೇರಿಸಬಹುದು.

ಕನ್ನಡಿಗರು ಭಾಷೆ, ಫಾಂಟ್ ಎರಡನ್ನೂ ನೋಡಬೇಕು. 2016ರಲ್ಲಿ ಕಿಂಡಲ್ ಅಂಗಡಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ತೆರೆದುಕೊಂಡಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಹಳೆಯ ಡಿಟಿಪಿ ಕಡತಗಳಲ್ಲಿ ಎಷ್ಟೋ ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತಕ್ಕೆ ಮುಂಚಿನ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಅವನ್ನು ಹಾಗೆಯೇ ಇಪಬ್‌ಗೆ ತಂದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಸಿಗುತ್ತದೆ.

ಆದ್ದರಿಂದ ಸಾಧನ ಕೊಳ್ಳುವ ಮೊದಲು ಒಂದು ಕನ್ನಡ ಇಪಬ್ ತೆರೆದು ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆಯೇ ನೋಡಿ. ಪ್ರಕಾಶಕರಲ್ಲಿ ನನ್ನ ಬೇಡಿಕೆ ಒಂದೇ: ಪ್ರತಿ ಹೊಸ ಪುಸ್ತಕದ ಜೊತೆ ಯೂನಿಕೋಡ್ ಇಪಬ್ ಕೂಡ ಸಿದ್ಧಪಡಿಸಿ. ಸಾಧನ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ತೆರೆದ ನಮೂನೆಯಲ್ಲಿರುವ ಪುಸ್ತಕವನ್ನು ಮುಂದಿನ ಸಾಧನವೂ ಓದಬಲ್ಲದು.