ಕಲಿಕೆಯಲ್ಲಿ ಪ್ರಾಮಾಣಿಕತೆ: ಅದನ್ನು ಬೆಳೆಸುವವರನ್ನು ಗುರುತಿಸುವ ಬಗೆ

ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಬಂದ ಮೇಲೆ ನೂರಕ್ಕೆ ನೂರು ಫಲಿತಾಂಶ ತಂದ ಶಾಲೆಗಳಿಗೆ ಸನ್ಮಾನ ಮಾಡುವುದು ನಮ್ಮಲ್ಲಿ ರೂಢಿ. ಫಲಿತಾಂಶ ಕುಸಿದ ಶಾಲೆಯ ಮುಖ್ಯೋಪಾಧ್ಯಾಯರು ಕಾರಣ ಕೇಳುವ ನೋಟಿಸಿಗೆ ಉತ್ತರ ಬರೆಯಬೇಕಾಗುತ್ತದೆ. ಮಕ್ಕಳು ತಮಗೆ ತಿಳಿದದ್ದನ್ನೇ ಬರೆಯಲಿ ಎಂದು ವರ್ಷವಿಡೀ ದುಡಿದ ಶಿಕ್ಷಕರ ಹೆಸರು ಈ ಎರಡು ಪಟ್ಟಿಗಳಲ್ಲೂ ಇರುವುದಿಲ್ಲ. ಅಭ್ಯಾಸ ಬೋಧನೆಯ ಮೇಲ್ವಿಚಾರಣೆಗೆಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಿಗೆ ಹೋಗಿಬರುವಾಗ ಇಂಥವರನ್ನು ನಾನು ಕಂಡಿದ್ದೇನೆ. ಅವರನ್ನು ಹೇಗೆ ಗುರುತಿಸಬೇಕು, ಹೇಗೆ ಗೌರವಿಸಬೇಕು ಎಂಬುದನ್ನು ಪ್ರಶಿಕ್ಷಣಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಈಗಲೇ ಏಕೆ?

2023ರಲ್ಲಿ ರಾಜ್ಯದ ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಶೇ. 83.89 ಇತ್ತು. 2024ರ ಪರೀಕ್ಷೆ-1ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ಅದು ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಇಳಿಕೆಗೆ ನಕಲೊಂದೇ ಕಾರಣ ಎನ್ನಲಾಗದು. ಆದರೆ ಫಲಿತಾಂಶದ ಅಂಕಿಯೊಂದನ್ನೇ ನೋಡಿ ಶಿಕ್ಷಕರನ್ನು ಅಳೆಯುವುದು ಎಷ್ಟು ಅಪಾಯಕರ ಎಂಬುದು ಇದರಿಂದ ತಿಳಿಯುತ್ತದೆ. ಮೊದಲಿನಿಂದಲೂ ಕಟ್ಟುನಿಟ್ಟಾಗಿ ಪರೀಕ್ಷೆ ನಡೆಸಿದ ಶಾಲೆ ಆ ಅಳತೆಯಲ್ಲಿ ಪ್ರತಿವರ್ಷ ಹಿಂದೆ ಬಿದ್ದಂತೆ ಕಂಡಿರುತ್ತದೆ.

ಕಾವಲು ಬೇರೆ, ಬೆಳೆಸುವುದು ಬೇರೆ

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಭಗತ್ ಪದವಿಪೂರ್ವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಲೆಗೆ ರಟ್ಟಿನ ಡಬ್ಬಿ ಹಾಕಿಕೊಂಡು ಪರೀಕ್ಷೆ ಬರೆದರು. ಅಕ್ಕಪಕ್ಕ ನೋಡದಂತೆ ಡಬ್ಬಿಯ ಮುಂಭಾಗವನ್ನು ಮಾತ್ರ ಕತ್ತರಿಸಲಾಗಿತ್ತು. ಚಿತ್ರಗಳು ದೇಶವಿದೇಶದ ಪತ್ರಿಕೆಗಳಲ್ಲಿ ಬಂದವು. ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಕಾಲೇಜಿಗೆ ಹೋಗಿ ಅದನ್ನು ನಿಲ್ಲಿಸಿದರು. ಕಾಲೇಜಿನವರು ಕ್ಷಮೆ ಕೇಳಿದರು.

ನಕಲು ತಡೆಯಬೇಕೆಂಬ ಕಾಳಜಿ ಅಲ್ಲಿ ಇತ್ತು. ಆದರೆ ಡಬ್ಬಿ ತೆಗೆದ ಮರುದಿನ ವಿದ್ಯಾರ್ಥಿಯಲ್ಲಿ ಏನು ಉಳಿಯುತ್ತದೆ? ಕ್ಯಾಮೆರಾಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಪರೀಕ್ಷಾ ಕೊಠಡಿಗೆ ಕಾವಲು ಬೇಕು, ನಿಜ. ಆದರೆ ಯಾರೂ ನೋಡದಿದ್ದಾಗಲೂ ಸ್ವಂತವಾಗಿ ಬರೆಯುವ ಅಭ್ಯಾಸ ತರಗತಿಯಲ್ಲೇ ಬೆಳೆಯಬೇಕು. ಆ ಅಭ್ಯಾಸ ಬೆಳೆಸುವವರನ್ನೇ ನಾವು ಹುಡುಕಬೇಕಾಗಿದೆ.

ನೋಡಬೇಕಾದ ಮೂರು ಲಕ್ಷಣಗಳು

ಮೊದಲನೆಯದು, ಅವರು ಕೊಡುವ ಕೆಲಸ. ರೂಪಣಾತ್ಮಕ ಮೌಲ್ಯಮಾಪನದ ಯೋಜನಾ ಕಾರ್ಯವನ್ನು ಗೈಡಿನಿಂದ ಇಳಿಸಿಕೊಳ್ಳುವುದು ಎಲ್ಲ ಕಡೆಯ ಕಾಯಿಲೆ. ಇದಕ್ಕೆ ಒಳ್ಳೆಯ ಶಿಕ್ಷಕರು ಪ್ರಶ್ನೆಯಲ್ಲೇ ಮದ್ದು ಇಡುತ್ತಾರೆ. ಸವಣೂರಿನ ದೊಡ್ಡಹುಣಸೆ ಮರಗಳ ಸುತ್ತಳತೆಯನ್ನು ಹಗ್ಗದಿಂದ ಅಳೆದು ವ್ಯಾಸ ಕಂಡುಹಿಡಿಯಿರಿ ಎಂದರೆ, ಅಳೆದ ಎತ್ತರ ಬೇರೆಯಾದಂತೆ ಒಂದೊಂದು ಗುಂಪಿನ ಉತ್ತರವೂ ಬೇರೆಯಾಗುತ್ತದೆ. ಹಾನಗಲ್ಲಿನ ಮಗು ಒಂದೇ ಭತ್ತದ ಸಸಿಯ ಎತ್ತರವನ್ನು ವಾರ ವಾರವೂ ಅಳೆದು ನಕ್ಷೆ ಬರೆಯಬಹುದು. ಶಿಗ್ಗಾಂವಿಯ ಮಗು ಮನೆಯ ಹಿರಿಯರಿಂದ ಒಂದು ಹಾಡು ಕೇಳಿ, ಯಾರಿಂದ ಕೇಳಿದೆ ಎಂದು ಬರೆಯಬಹುದು. ಇಲ್ಲಿ ಪಕ್ಕದವರ ಪುಸ್ತಕ ನೋಡಿ ಪ್ರಯೋಜನವಿಲ್ಲ.

ಎರಡನೆಯದು, ತಪ್ಪನ್ನು ಅವರು ಸ್ವೀಕರಿಸುವ ರೀತಿ. ಹಿರೇಕೆರೂರು ಕಡೆಯ ಒಂದು ಎಂಟನೆಯ ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಈ ಲೆಕ್ಕ ನನಗ ಬರಲಿಲ್ರೀ, ಖಾಲಿ ಬಿಟ್ಟೇನ್ರೀ" ಅಂದಳು. ಶಿಕ್ಷಕಿ ಬೈಯಲಿಲ್ಲ, ಎಲ್ಲಿ ನಿಂತಿತು ಎಂದು ಕೇಳಿ, ಆ ಹೆಜ್ಜೆಯನ್ನೇ ಹಲಗೆಯ ಮೇಲೆ ಬಿಡಿಸಿದರು. ಖಾಲಿ ಬಿಟ್ಟರೆ ಅವಮಾನ, ನೋಡಿ ಬರೆದರೆ ಶಹಬ್ಬಾಸ್ ಎಂಬ ತರಗತಿಯಲ್ಲಿ ಯಾವ ಮಗುವೂ ಹೀಗೆ ಹೇಳಲಾರದು.

ಮೂರನೆಯದು, ಶಿಕ್ಷಕರ ಸ್ವಂತ ನಡೆ. ಬೇರೆಯವರಿಂದ ಪಡೆದ ಚಟುವಟಿಕೆಗೆ ಅವರ ಹೆಸರು ಹೇಳುತ್ತಾರೆಯೆ? ಆಂತರಿಕ 20 ಅಂಕಗಳನ್ನು ಎಲ್ಲರಿಗೂ ಒಂದೇ ಸಮ ತುಂಬದೆ, ಮಗು ಮಾಡಿದ ಕೆಲಸ ನೋಡಿ ಕೊಡುತ್ತಾರೆಯೆ? ಮೇಲ್ವಿಚಾರಣೆಯ ಕೊಠಡಿಯಲ್ಲಿ ಊರವರ ಒತ್ತಡಕ್ಕೆ ಮಣಿಯದೆ ನಿಲ್ಲುತ್ತಾರೆಯೆ?

ಹೊರಗಿನ ಅನುಭವ

1992ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಶೈಕ್ಷಣಿಕ ಪ್ರಾಮಾಣಿಕತಾ ಕೇಂದ್ರವು ಪ್ರಾಮಾಣಿಕತೆ, ನಂಬಿಕೆ, ನ್ಯಾಯ, ಗೌರವ, ಹೊಣೆಗಾರಿಕೆ ಎಂಬ ಐದು ಮೌಲ್ಯಗಳನ್ನು 1999ರಲ್ಲಿ ಪಟ್ಟಿಮಾಡಿತು. ಮುಂದೆ ಆರನೆಯದಾಗಿ ಧೈರ್ಯವನ್ನು ಸೇರಿಸಿತು. ಈ ಕ್ಷೇತ್ರದಲ್ಲಿ ದುಡಿದವರಿಗೆ ಅದು ಪ್ರಶಸ್ತಿಯನ್ನೂ ಕೊಡುತ್ತದೆ. ನಮ್ಮಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯಕ್ಕೆ ಹಂತಗಳನ್ನು ಗೊತ್ತುಮಾಡಿದೆ: ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ, ಶೇ. 60 ಮೀರಿದರೆ ಸಂಶೋಧನಾರ್ಥಿಯ ನೋಂದಣಿಯೇ ರದ್ದು. ಅರಿವು ಮೂಡಿಸುವುದೂ ಸಂಸ್ಥೆಯ ಕರ್ತವ್ಯ ಎಂದು ಅದು ಹೇಳುತ್ತದೆ. ಆ ಕೆಲಸ ಮಾಡಿದವರನ್ನು ಗೌರವಿಸುವ ಕ್ರಮವನ್ನು ಮಾತ್ರ ನಾವೇ ರೂಪಿಸಿಕೊಳ್ಳಬೇಕು.

ನಮ್ಮ ಕಾಲೇಜಿನಲ್ಲಿ ಮಾಡಬಹುದಾದದ್ದು

ಅಭ್ಯಾಸ ಬೋಧನೆ ಮುಗಿದಾಗ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತಾನು ಹೋದ ಶಾಲೆಯಲ್ಲಿ ಕಂಡ ಇಂಥ ಒಬ್ಬರ ಬಗ್ಗೆ ಒಂದು ಪುಟ ಬರೆಯಲಿ. ಶಿಕ್ಷಕರೇ ಆಗಬೇಕಿಲ್ಲ, ಗ್ರಂಥಪಾಲಕರು, ಗುಮಾಸ್ತರು, ವಿದ್ಯಾರ್ಥಿಗಳೂ ಆಗಬಹುದು. "ತುಂಬಾ ಪ್ರಾಮಾಣಿಕರು" ಎಂಬ ಹೊಗಳಿಕೆ ಸಾಲದು. ಅವರು ಕೊಟ್ಟ ಪ್ರಶ್ನೆ, ತಿದ್ದಿದ ಪುಸ್ತಕ, ನಡೆದುಕೊಂಡ ರೀತಿ, ಹೀಗೆ ಕಂಡದ್ದನ್ನು ಬರೆಯಬೇಕು. ಮಕ್ಕಳ ಹೆಸರು ಬೇಡ. ಶಾಲೆಯ ಶೇಕಡಾವಾರು ಫಲಿತಾಂಶ ಬೇಡ. ಎಷ್ಟು ಮಂದಿಯನ್ನು ಹಿಡಿದರು ಎಂಬ ಲೆಕ್ಕವೂ ಬೇಡ; ಅದನ್ನು ಎಣಿಸತೊಡಗಿದರೆ ಗೌರವ ಮತ್ತೆ ಕಾವಲಿಗೇ ಸಲ್ಲುತ್ತದೆ. ಮೂರ್ನಾಲ್ಕು ಪುಟಗಳನ್ನು ಆಯ್ದು, ಆ ಶಿಕ್ಷಕರನ್ನು ಕರೆಸಿ, ತಮ್ಮ ಕ್ರಮವನ್ನು ಒಂದು ತರಗತಿಯಲ್ಲಿ ನಮಗೆ ಕಲಿಸಿರೆಂದು ಕೇಳೋಣ. ಶಾಲು, ಹಾರಕ್ಕಿಂತ ಆ ಆಹ್ವಾನ ದೊಡ್ಡ ಮರ್ಯಾದೆ.

ಈ ಕೆಲಸ ನಮ್ಮ ರೆಕಾರ್ಡ್ ಪುಸ್ತಕಗಳಿಂದಲೇ ಶುರುವಾಗಬೇಕು. ಹಿರಿಯ ವಿದ್ಯಾರ್ಥಿಗಳ ಪಾಠಯೋಜನೆಯನ್ನು ಇದ್ದಂತೆ ಇಳಿಸಿಕೊಳ್ಳುವ ಚಾಳಿ ಪ್ರಶಿಕ್ಷಣ ಕಾಲೇಜುಗಳಿಗೆ ಹೊಸದಲ್ಲ. "ಈ ಚಟುವಟಿಕೆ ಇಂಥವರಿಂದ ಪಡೆದದ್ದು, ನನ್ನ ತರಗತಿಗೆ ಹೀಗೆ ಬದಲಿಸಿದೆ" ಎಂದು ಬರೆದವರಿಗೆ ಮಾರ್ಗದರ್ಶಕರು ಅಂಕ ಕಡಿಯಬಾರದು; ಬದಲಿಸಿದ್ದಕ್ಕೆ ಅಂಕ ಕೊಡಬೇಕು. ಹೀಗೆ ಬರೆದು ಅಭ್ಯಾಸವಾದವರಿಗೆ ನಾಳೆ ತಮ್ಮ ಶಾಲೆಯಲ್ಲಿ, ಖಾಲಿ ಬಿಟ್ಟೆ ಎಂದು ಎದ್ದು ನಿಂತ ಮಗುವಿಗೆ ಏನು ಹೇಳಬೇಕೆಂಬುದು ಗೊತ್ತಿರುತ್ತದೆ.