ತಾಂತ್ರಿಕ ಲೇಖಕರ ಸ್ವವಿವರ ಪತ್ರವು

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸವೂ ಯಂತ್ರಗಳ ಬಿಡಿಭಾಗಗಳ ಕೆಲಸವೂ ಬಹುಕಾಲದಿಂದ ನಡೆದುಬಂದಿವೆ. ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳೂ ತಯಾರಾಗುತ್ತಿವೆ. 1979ರಲ್ಲಿ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವೂ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಈ ನಗರದಲ್ಲಿ ಸ್ಥಾಪಿತವಾದವು. ಯಂತ್ರವಿದ್ಯೆಯನ್ನು ಕಲಿತ ತರುಣರಲ್ಲಿ ಕೆಲವರು ಯಂತ್ರವನ್ನು ಮಾಡುವುದಕ್ಕಿಂತ ಅದರ ವಿಷಯವಾಗಿ ಬರೆಯುವುದರಲ್ಲಿಯೇ ಹೆಚ್ಚು ಒಲವುಳ್ಳವರಾಗಿರುತ್ತಾರೆ. ಯಂತ್ರವನ್ನು ಹೇಗೆ ಜೋಡಿಸಬೇಕು, ಹೇಗೆ ನಡೆಸಬೇಕು, ಕೆಟ್ಟರೆ ಹೇಗೆ ಸರಿಪಡಿಸಬೇಕು ಎಂಬುದನ್ನು ತಿಳಿಯಾಗಿ ಬರೆದುಕೊಡುವವನೇ ತಾಂತ್ರಿಕ ಲೇಖಕನು. ಕೆಲವು ಸಂಸ್ಥೆಗಳು ಈ ಕೆಲಸವನ್ನು ಮನೆಯಲ್ಲಿ ಕುಳಿತು ಮಾಡಲು ಒಪ್ಪುವುದರಿಂದ, ಖಾನಾಪುರದಂಥ ಊರಿನ ಹೆಣ್ಣುಮಕ್ಕಳಿಗೂ ಇದು ಒದಗತಕ್ಕ ಉದ್ಯೋಗವಾಗಿದೆ.

ಆದರೆ ಉದ್ಯೋಗದ ಬಾಗಿಲಿನಲ್ಲಿ ಮೊದಲು ನಿಲ್ಲುವುದು ಅರ್ಜಿದಾರನಲ್ಲ, ಅವನ ಸ್ವವಿವರ ಪತ್ರವು. ಉಳಿದ ಉದ್ಯೋಗಗಳಲ್ಲಿ ಆ ಪತ್ರವು ಯೋಗ್ಯತೆಯನ್ನು ತಿಳಿಸಿದರೆ ಸಾಕು. ತಾಂತ್ರಿಕ ಲೇಖಕನ ಪತ್ರವಾದರೋ ತಾನೇ ಯೋಗ್ಯತೆಯ ಮಾದರಿಯಾಗಿರುತ್ತದೆ. ‘ಮೊದಲು ವಿದ್ಯುತ್ತನ್ನು ನಿಲ್ಲಿಸಿರಿ’ ಎಂಬ ಸೂಚನೆಯು ಕೈಪಿಡಿಯಲ್ಲಿ ತನ್ನ ಸ್ಥಳವನ್ನು ಬಿಟ್ಟು ಕೆಳಗಿಳಿದರೆ ಕೆಲಸಗಾರನ ಬೆರಳೇ ಹೋದೀತು. ಅಂಥ ಹೊಣೆಯನ್ನು ಹೊರತಕ್ಕವನು ತನ್ನ ವಿಷಯವನ್ನೇ ಕ್ರಮವಾಗಿ ಹೇಳಲಾರದಿದ್ದರೆ ಅವನನ್ನು ಯಾರು ನಂಬುವರು?

ನಮ್ಮ ಕಡೆಯಲ್ಲಿ ಒಂದು ರೂಢಿಯುಂಟು. ಮದುವೆಗೆ ಕಳುಹಿಸುವ ವಿವರವನ್ನೂ ನೌಕರಿಗೆ ಕಳುಹಿಸುವ ವಿವರವನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತೇವೆ. ತಂದೆಯ ಹೆಸರು, ಜಾತಿ, ಎತ್ತರ, ವಿವಾಹವಾಗಿದೆಯೋ ಇಲ್ಲವೋ, ಕೊನೆಗೆ ‘ಮೇಲಿನದೆಲ್ಲವೂ ಸತ್ಯ’ವೆಂಬ ಪ್ರತಿಜ್ಞೆ! ಹಿರಿಯರು ವಾತ್ಸಲ್ಯದಿಂದಲೇ ಇವನ್ನು ಬರೆಯಿಸುತ್ತಾರೆ. ಆದರೆ ಓದುವವನಿಗೆ ಇವುಗಳಿಂದ ಪ್ರಯೋಜನವಿಲ್ಲ. ಹೆಸರು, ಊರು, ದೂರವಾಣಿ, ಮಿಂಚಂಚೆಯ ವಿಳಾಸ ಇಷ್ಟು ತಲೆಯಲ್ಲಿದ್ದರೆ ಸಾಕು. ಅದರ ಕೆಳಗೆ ತಾನು ಯಾವ ಬಗೆಯ ಬರವಣಿಗೆಯನ್ನು ಬಲ್ಲೆನೆಂಬುದನ್ನು ಎರಡು ಮೂರು ಸಾಲುಗಳಲ್ಲಿ ಹೇಳಬೇಕು. ಆಮೇಲೆ ಅನುಭವವನ್ನು, ಇತ್ತೀಚಿನದು ಮೊದಲಾಗಿ ಹಳೆಯದು ಕಡೆಯಾಗಿ ಬರೆಯಬೇಕು. ಬಳಿಕ ಬಲ್ಲ ಸಾಧನಗಳು, ವಿದ್ಯಾಭ್ಯಾಸ ಮತ್ತು ಬರಹದ ಮಾದರಿಗಳು ದೊರೆಯುವ ಸ್ಥಳ. ಹೊಸಬನಿಗೆ ಒಂದು ಪುಟವೂ ಅನುಭವಿಗೆ ಎರಡು ಪುಟವೂ ಸಾಕಾಗುತ್ತವೆ.

ಅನುಭವವನ್ನು ಹೇಳುವಾಗ ವಿಶೇಷಣಗಳನ್ನು ಬಿಟ್ಟು ಕಾರ್ಯವನ್ನು ಹೇಳಬೇಕು. ‘ಅನೇಕ ಕೈಪಿಡಿಗಳನ್ನು ಸಮರ್ಥವಾಗಿ ಬರೆದಿದ್ದೇನೆ’ ಎಂದರೆ ಏನೂ ತಿಳಿಯದು. ‘ಹೈಡ್ರಾಲಿಕ್ ಪ್ರೆಸ್ಸಿನ 40 ಪುಟಗಳ ಕೈಪಿಡಿಯನ್ನು 3 ತಿಂಗಳಲ್ಲಿ ಬರೆದು, ಅದನ್ನು ನಡೆಸುವವರಿಂದಲೇ ಓದಿಸಿ ತಿದ್ದಿದೆನು’ ಎಂದರೆ ಎಲ್ಲವೂ ತಿಳಿಯುತ್ತದೆ. ಇದು ಹೊಸ ಯುಕ್ತಿಯಲ್ಲ. ಲಿಯೊನಾರ್ಡೊ ಡ ವಿಂಚಿಯು 1482ರ ಸುಮಾರಿಗೆ ಮಿಲಾನಿನ ಅಧಿಪತಿಗಾಗಿ ಸಿದ್ಧಪಡಿಸಿದ ಪತ್ರದಲ್ಲಿ, ಯುದ್ಧಕ್ಕೆ ಬೇಕಾದ ಸೇತುವೆ ಫಿರಂಗಿಗಳನ್ನು ತಾನು ಕಟ್ಟಬಲ್ಲೆನೆಂದು ಒಂದೊಂದಾಗಿ ಎಣಿಸಿ, ಚಿತ್ರಕಲೆಯ ಮಾತನ್ನು ಕಡೆಗೆ ಇಟ್ಟನು. ಓದುವವನ ಅವಶ್ಯಕತೆಯೇ ಕ್ರಮವನ್ನು ನಿರ್ಣಯಿಸತಕ್ಕದ್ದು.

ರೂಪದ ವಿಷಯದಲ್ಲಿ ಸರಳತೆಯೇ ಭೂಷಣ. ಒಂದೇ ಬಗೆಯ ಅಕ್ಷರ, ಸಾಕಷ್ಟು ಅಂಚು, ಎಲ್ಲೆಡೆ ಒಂದೇ ರೀತಿಯ ತಾರೀಖು. ಈಗ ಅನೇಕ ಕಡೆಗಳಲ್ಲಿ ಅರ್ಜಿಗಳನ್ನು ಮೊದಲು ಕಂಪ್ಯೂಟರೇ ಜರಡಿ ಹಿಡಿಯುತ್ತದೆ. ಚಿತ್ರದೊಳಗಿನ ಅಕ್ಷರಗಳೂ ಕೋಷ್ಟಕಗಳೂ ಅದಕ್ಕೆ ಸರಿಯಾಗಿ ತಿಳಿಯದೆ ಹೋಗಬಹುದು. ಪರೀಕ್ಷಕನು ವರ್ಡ್ ಕಡತವನ್ನೇ ತೆರೆದು ನೋಡಿದರೆ, ಶೀರ್ಷಿಕೆಗಳನ್ನು ಶೈಲಿಯ ಸಾಧನದಿಂದ ಮಾಡಿದೆಯೋ, ಖಾಲಿ ಜಾಗದ ಕೀಲಿಯನ್ನು ಒತ್ತಿ ಒತ್ತಿ ಸಾಲನ್ನು ಸರಿಸಿದೆಯೋ ಎಂಬುದು ಅವನಿಗೆ ಒಡನೆ ಗೊತ್ತಾಗುತ್ತದೆ. ಇದು ಈ ಉದ್ಯೋಗದವರಿಗೆ ಕುಂದೆಂದೇ ತೋರುವುದು. ವಾಕ್ಯಗಳು ಚಿಕ್ಕವಾಗಿರಲಿ. ವಿಮಾನೋದ್ಯಮದವರು ಬಳಸುವ ಸರಳ ಇಂಗ್ಲಿಷಿನ ನಿಯಮದಂತೆ ಕೆಲಸದ ಸೂಚನೆಯ ವಾಕ್ಯವು 20 ಪದಗಳನ್ನು ಮೀರಕೂಡದು.

ಹೊಸಬನಿಗೆ ಮಾದರಿ ಎಲ್ಲಿಂದ ಬರಬೇಕೆಂದು ಕೇಳುವವರುಂಟು. ಖಾನಾಪುರವು ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಊರು; ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಯು ಅಲ್ಲಿಯೇ ಇದೆ. ಮಣ್ಣನ್ನು ಹದಮಾಡಿ, ಅಚ್ಚಿಗೆ ಹಾಕಿ, ಒಣಗಿಸಿ, ಭಟ್ಟಿಯಲ್ಲಿ ಸುಡುವವರೆಗಿನ ಕ್ರಮವನ್ನು ಬಲ್ಲವರಿಂದ ಕೇಳಿ, ಎಚ್ಚರಿಕೆಗಳೊಡನೆ ಎರಡು ಪುಟ ಬರೆದರೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಮನೆಯ ನೀರೆತ್ತುವ ಪಂಪಿನ ವಿಷಯವೂ ಆದೀತು. ಆದರೆ ಹಿಂದಿನ ಧಣಿಯ ಗುಪ್ತ ಕಾಗದಗಳನ್ನು ಅವನ ಅಪ್ಪಣೆಯಿಲ್ಲದೆ ಮಾದರಿಯೆಂದು ತೋರಿಸಕೂಡದು. ಅದು ಜಾಣತನವಲ್ಲ, ವಿಶ್ವಾಸಘಾತವು.

ಭಾಷೆಗಳ ಮಾತನ್ನೂ ಮರೆಯಬಾರದು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷುಗಳು ಈ ಗಡಿನಾಡಿನ ಎಷ್ಟೋ ಮಕ್ಕಳ ನಾಲಗೆಯ ಮೇಲೆ ಸಹಜವಾಗಿ ಆಡುತ್ತವೆ. ಕಾರ್ಖಾನೆಯ ಕೆಲಸಗಾರನಿಗೆ ಅವನ ನುಡಿಯಲ್ಲಿಯೇ ಸೂಚನೆ ಬೇಕಾದಲ್ಲಿ ಇದು ದೊಡ್ಡ ಬಂಡವಾಳ. ಯಾವುದನ್ನು ಬರೆಯಬಲ್ಲೆನು, ಯಾವುದನ್ನು ಆಡಬಲ್ಲೆನು ಮಾತ್ರ ಎಂಬುದನ್ನು ಬೇರೆ ಬೇರೆಯಾಗಿ, ಉಳ್ಳದ್ದನ್ನು ಉಳ್ಳಂತೆ ತಿಳಿಸಬೇಕು.

ಪತ್ರವು ಸಿದ್ಧವಾದ ಮೇಲೆ ಒಂದು ರಾತ್ರಿ ಅದನ್ನು ಹಾಗೆಯೇ ಇಟ್ಟು, ಮರುದಿನ ಗಟ್ಟಿಯಾಗಿ ಓದಿ, ಮನೆಯ ಮತ್ತೊಬ್ಬರ ಕೈಗೆ ಕೊಡಬೇಕು. ಯಂತ್ರವಿದ್ಯೆಯನ್ನು ಅರಿಯದ ತಾಯಿಯೋ ಅಣ್ಣನೋ ಅದನ್ನು ಓದಿ, ‘ನೀನು ಮಾಡುವ ಕೆಲಸ ಇದೆಯೋ’ ಎಂದು ತಿಳಿದುಕೊಂಡರೆ, ಬರೆದವರು ತಮ್ಮ ಉದ್ಯೋಗದ ಮೊದಲನೆಯ ಪರೀಕ್ಷೆಯಲ್ಲಿ ಉತ್ತೀರ್ಣರಾದರೆಂದೇ ನಾವು ಭಾವಿಸುತ್ತೇವೆ.