ಗಾಭೋಳಿ ತುಂಬಿದ ಮೀನು ಮತ್ತು ನಮ್ಮ ಮಳೆಗಾಲ

ಜೂನ್ ಮೊದಲ ವಾರದಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ಕಲ್ಯಾಣ, ಟಿಟ್ವಾಳಾ, ಬದಲಾಪುರ ಕಡೆಯ ಮೀನು ಮಾರುಕಟ್ಟೆಗಳ ಬಣ್ಣವೇ ಬದಲಾಗುತ್ತದೆ. ಪಾಂಫ್ರೆಟ್, ಸುರ್ಮೈ, ಬಂಗುಡೆ ಹಿಂದಕ್ಕೆ ಸರಿಯುತ್ತವೆ. ರಸ್ತೆ ಬದಿಯಲ್ಲಿ ಗೋಣಿ ಹಾಸಿಕೊಂಡು ಕುಳಿತ ಹೆಂಗಸರ ಮುಂದೆ ಹೊಟ್ಟೆ ಉಬ್ಬಿದ ಹೊಳೆಮೀನುಗಳು ಬಂದು ಬೀಳುತ್ತವೆ. ಇದಕ್ಕೆ ಇಲ್ಲಿನವರು ವಲಗಣಿಯ ಮೀನು ಎನ್ನುತ್ತಾರೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಪ್ರವಾಹದ ಎದುರು ಈಜಿ ಮೇಲೇರುವ ಮೀನು ಇದು.

ಈ ಹೆಸರನ್ನು ಮೊದಲು ಕೇಳಿದಾಗ ನನಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಬೆಳ್ತಂಗಡಿ, ಉಪ್ಪಿನಂಗಡಿ ಕಡೆ ಹುಟ್ಟಿದ ನಮಗೆ ಇದು ಉಬರ್ ಮೀನು. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಹತ್ತುಮೀನು. ಹೆಸರು ಮೂರಾದರೂ ಸಂಗತಿ ಒಂದೇ. ರಾತ್ರಿ ಟಾರ್ಚು ಹಿಡಿದು, ಗದ್ದೆಯ ತೂಬಿಗೆ ಬಿದಿರಿನ ಬುಟ್ಟಿ ಒಡ್ಡಿ, ಮಳೆಯಲ್ಲಿ ನೆನೆಯುತ್ತ ಕಾದವರು ಈ ಪತ್ರಿಕೆಯ ಓದುಗರಲ್ಲೂ ಬಹಳ ಮಂದಿ ಇದ್ದಾರೆ. ಡೊಂಬಿವಲಿಯ ನಾಲ್ಕನೇ ಮಹಡಿಯಲ್ಲಿ ಕುಳಿತು ಊರಿನ ಮಳೆಗಾಲ ನೆನೆಯುವಾಗ ಮೊದಲು ಬರುವ ನೆನಪುಗಳಲ್ಲಿ ಇದೂ ಒಂದು. ಆ ನೆನಪಿನ ಸವಿ ಹಾಗೆಯೇ ಇರಲಿ. ಅದರ ಜೊತೆಗೆ ಸ್ವಲ್ಪ ಲೆಕ್ಕವನ್ನೂ ಇಡೋಣ ಎನ್ನುವುದು ಈ ಬರಹದ ಉದ್ದೇಶ.

ಮೊದಲು ಹೊಳೆಯ ಪರಿಚಯ. ನಾವು ದಿನಾ ನಲ್ಲಿ ತಿರುಗಿಸಿ ಕುಡಿಯುವ ಉಲ್ಹಾಸ್ ನದಿ ರಾಜಮಾಚಿ, ಖಂಡಾಲಾ ಕಡೆಯ ಘಟ್ಟದಲ್ಲಿ ಹುಟ್ಟಿ, ಕರ್ಜತ್, ವಾಂಗಣಿ, ಬದಲಾಪುರ ದಾಟಿ ಕಲ್ಯಾಣಕ್ಕೆ ಬರುತ್ತದೆ. ಉದ್ದ ಸುಮಾರು 122 ಕಿಲೋಮೀಟರ್. ಬಾರ್ವಿ, ಭಾತಸಾ, ಕಾಳು ನದಿಗಳು ಇದರ ಬಳಗ. ನಾವು ಸಂಕಷ್ಟಿಗೆ ಹೋಗುವ ಟಿಟ್ವಾಳಾ ಗಣಪತಿ ಕುಳಿತಿರುವುದು ಈ ಕಾಳು ನದಿಯ ದಡದಲ್ಲೇ. ಕಲ್ಯಾಣದ ದುರ್ಗಾಡಿ ಕೋಟೆಯ ಹತ್ತಿರ ಹೊಳೆಗೆ ಸಮುದ್ರದ ಉಪ್ಪು ಮುಟ್ಟಿ ಅದು ಖಾಡಿಯಾಗುತ್ತದೆ. ಬೇಸಿಗೆಯಲ್ಲೂ ಈ ನದಿ ಹರಿಯುವುದಕ್ಕೆ ಒಂದು ದೊಡ್ಡ ಕಾರಣ ಘಟ್ಟದ ಮೇಲಿನ ಠೋಕರವಾಡಿ ಜಲಾಶಯ. ಅದರ ನೀರು ಭಿವಪುರಿಯ ಟಾಟಾ ವಿದ್ಯುದಾಗಾರದ ಟರ್ಬೈನು ತಿರುಗಿಸಿ ಇದಕ್ಕೆ ಬಂದು ಸೇರುತ್ತದೆ. ಪೂರ್ವಕ್ಕೆ ಹರಿದು ಭೀಮೆಯ ಮೂಲಕ ನಮ್ಮ ಕಲಬುರ್ಗಿ ಕಡೆ ಹೋಗಬೇಕಾಗಿದ್ದ ನೀರು ಅದು. ಪಶ್ಚಿಮಕ್ಕೆ ತಿರುಗಿ ನಮ್ಮ ಕೊಡಪಾನ ತುಂಬುತ್ತಿದೆ.

ಕಡಲಿಗೆ ರಜೆ, ಹೊಳೆಗೆ ದುಡಿಮೆ

ಮಳೆಗಾಲದಲ್ಲಿ ಕಡಲಿಗೆ ಹೋಗಬಾರದು ಎನ್ನುವ ನಿಯಮ ನಮಗೆಲ್ಲ ಗೊತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರಬೇಕು. ಕಾನೂನಿಗಿಂತ ಹಳೆಯದು ಕೋಳಿ ಜನರ ಕಟ್ಟಳೆ. ನಾರಳಿ ಪೂರ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಋತು ಶುರು. ನಮ್ಮ ಮೊಗವೀರರಿಗೂ ಮಳೆಗಾಲ ಎಂದರೆ ಬಲೆ ನೇಯುವ, ದೋಣಿ ರಿಪೇರಿ ಮಾಡುವ ಕಾಲ.

ಆದರೆ ಇದರ ಇನ್ನೊಂದು ಮುಖವನ್ನು ನಾವು ಗಮನಿಸುವುದಿಲ್ಲ. ಕಡಲ ಮೀನು ಕಡಿಮೆಯಾದಾಗ ಗಿರಾಕಿಯ ಬಾಯಿ ಚಪಲ ಕಡಿಮೆಯಾಗುವುದಿಲ್ಲ, ಅದು ಹೊಳೆಮೀನಿನ ಕಡೆ ತಿರುಗುತ್ತದೆ. ಹೊಳೆಮೀನಿಗೆ ಬಸಿರಿನ ಕಾಲವೂ ಅದೇ. ಅಂದರೆ ಕಡಲಿನ ಮೀನಿಗೆ ರಜೆ ಸಿಕ್ಕ ದಿನಗಳಲ್ಲೇ ಹೊಳೆಯ ಮೀನಿಗೆ ಅತಿ ಹೆಚ್ಚು ಬೇಡಿಕೆ. ಶ್ರಾವಣದಲ್ಲಿ ಮಾಂಸ ಬಿಡುವ ಪದ್ಧತಿ ಮಹಾರಾಷ್ಟ್ರದಲ್ಲಿ ಬಲವಾಗಿದೆ, ನಮ್ಮಲ್ಲೂ ಇದೆ. ಆದರೆ ಶ್ರಾವಣ ಬರುವಷ್ಟರಲ್ಲಿ ಮೊದಲ ಮಳೆಗೆ ಹತ್ತಿದ ಮೀನಿನ ಕತೆ ಮುಗಿದಿರುತ್ತದೆ.

ಮೀನು ಯಾಕೆ ಹತ್ತುತ್ತದೆ? ಮೊದಲ ಮಳೆಗೆ ನೀರು ತಂಪಾಗುತ್ತದೆ, ಕೆಂಪಾಗುತ್ತದೆ, ಸೆಳೆತ ಹೆಚ್ಚುತ್ತದೆ. ಮೊಟ್ಟೆಯಿಡುವ ಹೊತ್ತು ಬಂತು ಎನ್ನುವ ಕರೆ ಅದು. ಗದ್ದೆಯ ತೆಳುನೀರಿನಲ್ಲಿ ದೊಡ್ಡ ಮೀನುಗಳ ಕಾಟ ಕಡಿಮೆ, ಮರಿಗೆ ಬೇಕಾದ ಹುಳುಹುಪ್ಪಟೆ ಹೇರಳ. ಒಂದು ಕಿಲೋ ತೂಕದ ಹೆಣ್ಣು ರೋಹುವಿನ ಹೊಟ್ಟೆಯಲ್ಲಿ ಹೆಚ್ಚುಕಡಿಮೆ 2 ಲಕ್ಷ ಮೊಟ್ಟೆ ಇರುತ್ತದೆ. ಅದರಲ್ಲಿ ಬದುಕಿ ದೊಡ್ಡದಾಗುವುದು ಬೆರಳೆಣಿಕೆಯಷ್ಟು, ನಿಜ. ಆದರೆ ಮೇಲೆ ಹತ್ತುವ ದಾರಿಯಲ್ಲೇ ಬಲೆ ಕಟ್ಟಿದರೆ ಆ ಬೆರಳೆಣಿಕೆಯೂ ಉಳಿಯುವುದಿಲ್ಲ. ಇನ್ನು ಇಲ್ಲಿನವರು ಮರಳ ಎನ್ನುವ, ನಾವು ಕೊರವ ಎನ್ನುವ ಮೀನು ಮೊಟ್ಟೆಯಿಟ್ಟು ಹೋಗಿಬಿಡುವುದಿಲ್ಲ, ಮರಿಗಳ ಹಿಂಡನ್ನು ಕಾಯುತ್ತ ಸುತ್ತುತ್ತದೆ. ಕಾಯುವ ಮೀನನ್ನು ಹಿಡಿದರೆ ಇಡೀ ಹಿಂಡು ಬೇರೆ ಮೀನಿನ ಬಾಯಿಗೆ.

ಟಿಟ್ವಾಳಾ ಸ್ಟೇಷನ್ ಹೊರಗೆ ಮೀನು ಮಾರುವ ಮಾವಶಿಯೊಬ್ಬರನ್ನು ಕಳೆದ ಮಳೆಗಾಲದಲ್ಲಿ ಮಾತಾಡಿಸಿದ್ದೆ. ಮದರಾಸಿಯೋ ಕನ್ನಡದವನೋ, ಅವರಿಗೆ ನಾವೆಲ್ಲ ‘ಅಣ್ಣಾ’. "ಅಣ್ಣಾ, ಗಾಭೋಳಿ ಇರುವ ಮೀನೇ ಬೇಕು ಅಂತ ನೀವೇ ಹೊಟ್ಟೆ ಒತ್ತಿ ನೋಡಿ ಕೊಳ್ಳುತ್ತೀರಿ. ಇಲ್ಲದಿದ್ದರೆ ದರ ಇಳಿಸಿ ಅನ್ನುತ್ತೀರಿ. ಹಿಡಿಯಬೇಡ ಅಂತ ನಮಗೆ ಹೇಳಿದರೆ ಹೇಗೆ?" ಎಂದರು. ಗಾಭೋಳಿ ಎಂದರೆ ಮೀನಿನ ತತ್ತಿ. ಅವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಬಲೆಯ ಒಂದು ತುದಿ ನಮ್ಮ ಕೈಚೀಲದಲ್ಲೇ ಇದೆ.

ಕಾನೂನು ಏನು ಹೇಳುತ್ತದೆ?

ಹೊಳೆಗೆ ಕಾನೂನು ಇಲ್ಲವೆಂದಲ್ಲ. ಬ್ರಿಟಿಷರ ಕಾಲದ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ತೋಟೆ ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧ ಎಂದಿತು. ಬಲೆಯ ಕಣ್ಣಿನ ಅಳತೆ ನಿಗದಿಪಡಿಸುವ, ಹೊಳೆಗೆ ಅಡ್ಡ ಕಟ್ಟುವುದನ್ನು ತಡೆಯುವ, ಒಂದು ಜಾಗದಲ್ಲಿ ಎರಡು ವರ್ಷದವರೆಗೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅಧಿಕಾರವನ್ನೂ ಸರಕಾರಗಳಿಗೆ ಕೊಟ್ಟಿತು. ಮುಂದೆ ಮಹಾರಾಷ್ಟ್ರಕ್ಕೆ 1960ರ ಮೀನುಗಾರಿಕೆ ಕಾಯ್ದೆ ಬಂತು, ಕರ್ನಾಟಕಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆ. ಆದರೆ ಕಡಲಿನ 61 ದಿನಗಳ ನಿಷೇಧ ಬೋಟಿನವನಿಂದ ಗಿರಾಕಿಯವರೆಗೆ ಎಲ್ಲರ ಬಾಯಲ್ಲಿದೆ. ಹೊಳೆಯ ನಿಯಮ ಪುಸ್ತಕದಲ್ಲಿ ಉಳಿದಿದೆ. ಬಂದರಿನಲ್ಲಿ ದೋಣಿ ಎಣಿಸಬಹುದು; ಸಾವಿರ ಗದ್ದೆಗಳ ತೂಬು ಕಾಯುವವರು ಯಾರು?

ಕಾನೂನು ಕಾಯಲಾಗದ್ದನ್ನು ನಂಬಿಕೆ ಕಾದ ಉದಾಹರಣೆ ನಮ್ಮೂರ ಪಕ್ಕದಲ್ಲೇ ಇದೆ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳು ಶಿಶಿಲೇಶ್ವರನ ಮೀನುಗಳು. ಅಕ್ಕಿ, ಹೊದಲು ಹಾಕುತ್ತಾರೆಯೇ ಹೊರತು ಯಾರೂ ಮುಟ್ಟುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ಇಂಥದ್ದೇ ಮತ್ಸ್ಯಧಾಮಗಳಿವೆ. ಆದರೆ ನಂಬಿಕೆಯೊಂದೇ ಸಾಲದು. 1990ರ ದಶಕದಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನುಗಳು ಸತ್ತವು. ಊರವರು ಆ ಮೀನುಗಳಿಗೆ ಸ್ಮಾರಕ ಕಟ್ಟಿದರು, ಕಾವಲಿಗೂ ನಿಂತರು. ನಂಬಿಕೆಗೆ ಕಾವಲು ಸೇರಿದಾಗ ಮೀನು ಉಳಿಯಿತು.

ಲೋಣಾವಳದಿಂದ ಕಾವೇರಿಗೆ

ಮೀನು ಕಡಿಮೆಯಾದರೆ ಮರಿ ತಂದು ಬಿಟ್ಟರಾಯಿತು ಎನ್ನುವವರಿದ್ದಾರೆ. ಇದಕ್ಕೂ ನಮ್ಮೆರಡು ರಾಜ್ಯಗಳನ್ನು ಸೇರಿಸುವ ಕತೆಯೊಂದಿದೆ. ಉಲ್ಹಾಸ್ ಹುಟ್ಟುವ ಘಟ್ಟದ ಮೇಲಿರುವ ಲೋಣಾವಳದ ವಲವಣ್‌ನಲ್ಲಿ ಟಾಟಾ ಸಂಸ್ಥೆ 1970ರ ದಶಕದಿಂದ ಮಹಶೀರ್ ಮರಿ ಮಾಡುತ್ತಿದೆ. ಅಳಿವಿನತ್ತ ಸಾಗಿದ್ದ ಮೀನನ್ನು ಉಳಿಸಿದ ಒಳ್ಳೆಯ ಕೆಲಸ ಅದು. ಅಲ್ಲಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಕಾವೇರಿಗೂ ಹೋದವು. ಕಾವೇರಿಗೆ ತನ್ನದೇ ಆದ ಮಹಶೀರ್ ಇತ್ತು: ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ದೈತ್ಯ. ಗಾಳ ಹಾಕಿ ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವ ಪದ್ಧತಿ ಅಲ್ಲಿ ನಡೆಯುತ್ತಿತ್ತು. ಆ ಗಾಳಗಾರರ ದಾಖಲೆಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ, ಹೊರಗಿನ ಮಹಶೀರ್ ಹೆಚ್ಚಿದಂತೆ ಊರಿನ ಮಹಶೀರ್ ಇಳಿದದ್ದು ಕಂಡಿತು. 2018ರಲ್ಲಿ ಗೂನು ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ನಿರ್ಧಾರವಾಗುವ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಒಂದು ಹೊಳೆಯ ಮದ್ದು ಇನ್ನೊಂದು ಹೊಳೆಗೆ ವಿಷವಾಗಬಹುದು. ಮನೆಯ ಅಕ್ವೇರಿಯಂ ಸಾಕಾಗಿ ಮೀನನ್ನು ಕೆರೆಗೆ ಬಿಟ್ಟು ಪುಣ್ಯ ಬಂತು ಎಂದುಕೊಳ್ಳುವವರು ಇದನ್ನು ಯೋಚಿಸಬೇಕು. ಊರಲ್ಲಿ ಜಿಲೇಬಿ, ಇಲ್ಲಿ ಚಿಲಾಪಿ ಎನ್ನುವ ತಿಲಾಪಿಯಾ ಹೀಗೆ ಹೊರಗಿನಿಂದ ಬಂದು ನಮ್ಮ ಕೆರೆಗಳಿಗೆ ಒಡೆಯನಾಯಿತು. ಸಾಕಣೆಗೆ ನಿಷೇಧವಿರುವ ಆಫ್ರಿಕನ್ ಮಾಂಗೂರ್ ಇನ್ನೂ ಅಪಾಯಕಾರಿ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಬುಟ್ಟಿ ಒಡ್ಡಿದವನೊಬ್ಬನೇ ತಪ್ಪಿತಸ್ಥನೆ?

ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಇದು. ಮುರಬಾಡ್, ಕರ್ಜತ್ ಕಡೆಯ ಕಾತಕರಿ, ಠಾಕೂರ್ ಆದಿವಾಸಿಗಳಿಗೆ ವಲಗಣಿ ಎಂದರೆ ಬರಿಯ ಮೋಜಲ್ಲ, ಕೂಲಿ ಸಿಗದ ದಿನಗಳ ಊಟ. ಅವರ ಬುಟ್ಟಿಯನ್ನು ಮಾತ್ರ ಕಿತ್ತುಕೊಂಡು ಹೊಳೆ ಉಳಿಯಿತು ಎಂದರೆ ಅದು ನ್ಯಾಯವಲ್ಲ. ಅಂಬರನಾಥ, ಉಲ್ಲಾಸನಗರದ ಕೊಳೆ ಹೊತ್ತ ವಾಲಧುನಿ ಬಂದು ಸೇರುವಲ್ಲಿ ಯಾವ ಮೀನು ಮೊಟ್ಟೆಯಿಡುತ್ತದೆ? ಉಲ್ಹಾಸ್, ವಾಲಧುನಿಗಳ ಮಾಲಿನ್ಯಕ್ಕಾಗಿ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಲ್ಲಿನ ತ್ಯಾಜ್ಯ ಶುದ್ಧೀಕರಣ ಘಟಕಗಳು ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಒಟ್ಟು 95 ಕೋಟಿ ರೂಪಾಯಿ ದಂಡ ವಿಧಿಸಿತ್ತು. ನವಿ ಮುಂಬಯಿಯ ತಳೋಜಾದಲ್ಲಿ 2017ರಲ್ಲಿ ಬೀದಿನಾಯಿಗಳು ನೀಲಿ ಬಣ್ಣಕ್ಕೆ ತಿರುಗಿದ ಸುದ್ದಿ ಲೋಕವೆಲ್ಲ ಸುತ್ತಿತು. ಪಕ್ಕದ ಕಾಸಾಡಿ ಹೊಳೆಯನ್ನೇ ನಂಬಿದ್ದ ಕೋಳಿ ಜನರು ಬಲೆಗೆ ಮೀನು ಬೀಳುತ್ತಿಲ್ಲ ಎಂದು ಗೋಳಿಡುತ್ತಲೇ ಇದ್ದರು.

ಹಾಗಾದರೆ ಮಿತಿ ಬೇಡವೆ? ಬೇಕು. ಬುಟ್ಟಿಗೂ ಬೇಕು, ಕೊಳವೆಗೂ ಬೇಕು. ಊರೂರಿನಲ್ಲಿ ಹಳ್ಳದ ಅರ್ಧ ಭಾಗವನ್ನಾದರೂ ಮೀನಿಗೆ ಬಿಡುವುದು, ಮೊದಲ ಹದಿನೈದು ದಿನ ಹಿಡಿಯದಿರುವುದು, ಬ್ಲೀಚಿಂಗ್ ಪುಡಿ ಮತ್ತು ಬ್ಯಾಟರಿ ಶಾಕ್ ಕಂಡರೆ ತಕ್ಷಣ ತಡೆಯುವುದು: ಇಷ್ಟನ್ನು ಹಳ್ಳಿಯವರೇ ಕೂತು ತೀರ್ಮಾನಿಸಬಹುದು. ಶಿಶಿಲದವರು ಕಾದಂತೆ ಕಾಯಲೂಬಹುದು.

ನಗರದ ನಮ್ಮ ಪಾಲು ಇನ್ನೂ ಸುಲಭ. ಜೂನ್, ಜುಲೈಯಲ್ಲಿ ತತ್ತಿ ತುಂಬಿದ ಹೊಳೆಮೀನನ್ನು ಕೇಳದಿರೋಣ. ಕೆರೆಯಲ್ಲಿ ಸಾಕಿದ ರೋಹು, ಕಾಟ್ಲಾ ವರ್ಷವಿಡೀ ಸಿಗುತ್ತದೆ. ಊರಿಂದ ಬಂದ ಒಣಮೀನು ಎಲ್ಲರ ಮನೆಯ ಡಬ್ಬಿಯಲ್ಲೂ ಇರುತ್ತದೆ. ಬೆರಳುದ್ದದ ಮರಿಮೀನನ್ನು ಅಗ್ಗವೆಂದು ಕೊಳ್ಳದಿರೋಣ. ನಮ್ಮ ಸಂಘಗಳು ಪ್ರತಿ ವರ್ಷ ಆಟಿಯ ಕೂಟ ನಡೆಸಿ ಪತ್ರೊಡೆ, ಕಣಿಲೆ ಬಡಿಸುತ್ತವೆ. ಅದೇ ದಿನ ಮಕ್ಕಳಿಗೆ ಉಬರ್ ಮೀನಿನ ಕತೆಯನ್ನೂ ಹೇಳಲಿ, ಅದು ಯಾಕೆ ಹತ್ತುತ್ತದೆ ಎನ್ನುವುದನ್ನೂ ಹೇಳಲಿ.

ಮಾವಶಿ ಮೀನು ಹಿಡಿದು ಬದುಕಬೇಕು, ನಾವು ತಿನ್ನಬೇಕು, ಮೀನು ಮುಂದಿನ ಜೂನ್‌ನಲ್ಲೂ ಹತ್ತಬೇಕು. ಮೂರೂ ಒಟ್ಟಿಗೆ ಆಗಬೇಕಾದರೆ ಮೊದಲ ಹೆಜ್ಜೆ ಇಡಬೇಕಾದವರು ದುಡ್ಡು ಕೊಡುವ ನಾವೇ. ಗಿರಾಕಿ ಹೊಟ್ಟೆ ಒತ್ತಿ ನೋಡುವುದನ್ನು ಬಿಟ್ಟರೆ ಗಾಭೋಳಿಯ ದರ ತಾನಾಗಿ ಇಳಿಯುತ್ತದೆ.